ಮೊದಲ ಎರಡು ಮಿನಿಟು, ಆಮ್ಯಾಲ ಐದು

ಕೇಬಲ್ ಧಂದೆ ಮುಚ್ಚಿದ ವರ್ಷ ನನಗ ಉಳದದ್ದು ಇಷ್ಟ:
ಮುನ್ನೂರು ಮೀಟರ್ ಕರೀ ವೈರು, ಒಂದು ಏಣಿ,
ಮೈಂದರ್ಗಿಯ ಎಲ್ಲಾ ಮಾಳಿಗಿಗಳ ಗುರುತು.
ಏಣಿ ಮಾರಿ ಟ್ಯೂನರ್ ಕಾರ್ಡು ತಂದೆ.

ಮಾಳಿಗಿ ಮ್ಯಾಲ ಡಿಶ್ಶು ಆಗ್ನೇಯಕ್ಕ ಮಾರಿ ಮಾಡಿ ಕುಂತದ,
ಬಗಲಾಗ ಹೆಂಡತಿ ಒಣಹಾಕಿದ ಸಂಡಗಿ.
ಕಾಗಿ ಬಂದು ಡಿಶ್ಶಿನ ಅಂಚಿಗಿ ಕುಂತ್ರ
ಕೆಳಗ ಪಡಸಾಲ್ಯಾಗ
ಸುದ್ದಿ ಓದಾಕಿ ಮಾರಿ ಚೌಕ ಚೌಕ ಒಡೀತದ.

ಕಂಪ್ಯೂಟರು ಪತಪೇಢಿಯವರು ಹರಾಜಿಗಿಟ್ಟದ್ದು.
ಹೊಟ್ಟ್ಯಾಗಿನ ಸೆಲ್ಲು ಸತ್ತಿತ್ತು.
ಕರೆಂಟು ಹೋಗಿ ಬಂದಾಗೊಮ್ಮೆ
ಎರಡು ಸಾವಿರದ ಐದು, ಜನವರಿ ಒಂದಕ್ಕ ಎದ್ದು ಕೂಡೋದು,
ನನಗಿನ್ನೂ ಲಗ್ನ ಆಗಿರದ ಇಸವಿ.
ಇಟ್ಟ ರೆಕಾರ್ಡಿಂಗೆಲ್ಲ ತಪ್ಪೋವು.
ಇನ್ನೂ ಹದಿನೆಂಟು ವರ್ಷ ಟೈಮ್ ಅದ ಅನ್ನೋಹಂಗ
ತಣ್ಣಗ ಕುಂತಿರೋದು.
ಅಕ್ಕಲಕೋಟಿ ಪ್ಯಾಟ್ಯಾಗ ವಾಚ್ ರಿಪೇರಿ ಮುನೀರಸಾಬ
ನಲವತ್ತು ರೂಪಾಯಿಗಿ ಅದನ್ನ ಇವತ್ತಿಗಿ ಎಳದು ತಂದ.

ಆ ವಾರನ ಬಂದ್ಲು ಕೊಂಡವ್ವ, ಗೊಂದಲಿಗರ ಓಣಿಯಾಕಿ.
“ಅಂಬಾದಾಸ ಮುಂಬೈದಾಗ ಟೀವ್ಯಾಗ ಸಂಬಾಳ ಬಾರಸ್ತಾನಂತ,
ಸೋಮವಾರ ರಾತ್ರಿ ಎಂಟೂವರಿಗಿ.
ಆ ಹೊತ್ತಿಗಿ ನಮ್ಮ ಓಣ್ಯಾಗ ಕರೆಂಟು ಇರಂಗಿಲ್ಲ.
ಹಿಡದು ಇಡತೀಯೇನೋ ತಮ್ಮಾ?”
ಕೋಳಿ ಬುಟ್ಟಿ ಕೆಳಗ ಮುಚ್ಚಿಡು ಅಂದಂಗ ಕೇಳಿದ್ಲು.

ಚಾನೆಲ್ಲು, ವಾರ, ಎಂಟೂವರಿಯಿಂದ ಒಂಬತ್ತು.
ಎಷ್ಟು ಮಿನಿಟು ಮೊದಲ, ಎಷ್ಟು ಆಮ್ಯಾಲ ಅಂತ ಕೇಳ್ತದ ಸಾಫ್ಟ್‌ವೇರು.
ಎರಡು. ಐದು. ಯಾವತ್ತೂ ನಂದು ಅಷ್ಟ.
ಅವರ ಗಡಿಯಾರ ಬ್ಯಾರೆ, ನಮ್ಮದು ಬ್ಯಾರೆ,
ನಡುವ ಒಂದೀಟು ಬದುವು ಬಿಡಬೇಕು.

ಸೋಮವಾರ ಫ್ರಿಜ್ಜಿನ ಪಿನ್ನು ಕಿತ್ತೆ, ಕೂಲರ್ ಬಂದ್ ಮಾಡಿದೆ,
ಇನ್ವರ್ಟರಿನ ಉಸರು ಪೂರಾ ಅದಕ್ಕೊಂದಕ್ಕ ಬಿಟ್ಟು
ದುಧನಿಗಿ ಹೋದೆ, ಲಗ್ನದ ಊಟಕ್ಕ.

ಮಂಗಳವಾರ ಕೊಂಡವ್ವ, ಮೂರು ಮೊಮ್ಮಕ್ಕಳು,
ತನ್ನ ಮಣಿ ತಾನ ಹೊತ್ತು ತಂದ ಬಗಲಮನಿ ಮುದುಕಿ.
ಮೊದಲಿನ ಎರಡು ಮಿನಿಟು ಯಾವಾಕಿನೋ ಮೀನ ಕರೀತಿದ್ಲು.
“ಎಣ್ಣಿ ಹೆಚ್ಚಾತು,” ಅಂದ್ಲು ಮುದುಕಿ.
ಆಮ್ಯಾಲ ಭಾಷಣ.
ದೊಡ್ಡ ಮನಶ್ಯಾ, ದೊಡ್ಡ ಹಾರ, ಮುಗೀವಲ್ದು.
ಕೆಳಗಿನ ಪಟ್ಟ್ಯಾಗ ಮರಾಠಿಯೊಳಗ: ಸ್ವಲ್ಪ ಹೊತ್ತಿನಾಗ ಕಾರ್ಯಕ್ರಮ.
ಹತ್ತು ಪಟ್ಟು ಓಡಿಸಿದೆ,
ಕೈ ಬೀಸೋದು ನೊಣಾ ಹೊಡದಂಗ ಕಂಡು ಹುಡುಗ್ರು ನಕ್ಕವು.
ಒಂಬತ್ತಾತು. ಒಂಬತ್ತು ಮೂರು.
ಒಂಬತ್ತು ನಾಲ್ಕು ದಾಟಿದ ಮ್ಯಾಲ ಸ್ಟೇಜು, ಬೆಳಕು,
ಹಳದಿ ರುಮಾಲು ಸುತ್ತಿದ ಅಂಬಾದಾಸ.

ಟೊಂಕದ ಸಂಬಾಳಕ್ಕ ಬಾಗಿ, ಬಾಜೂದವಗ ಅಂದ:
“ತಡಿಯೋ ಮಾರಾಯಾ, ಎಡಗಡಿ ಹಗ್ಗ ಸಡ್ಲಾಗ್ಯದ.”
ಮೈಕು ಚಾಲೂ ಇತ್ತು.
ಮುಂಬೈ, ನಾಗಪುರ, ಪುಣೆ, ಎಲ್ಲಾ ಊರಿಗಿ ಕೇಳಿಸಿರಬೇಕು
ನಮ್ಮ ಓಣಿ ಮಾತು.
ಬಾಗಿದಾವ ಎದ್ದ. ಡೊಂಕ ಕೋಲು ಮ್ಯಾಲೆತ್ತಿದ.
ಒಂಬತ್ತು ಐದು.
ಪರದೆ ಕರ್ರಗಾತು. ಬಿಳೇ ಅಕ್ಷರ:
ರೆಕಾರ್ಡಿಂಗು ಯಶಸ್ವಿ.

ನಾ ಕೀಬೋರ್ಡಿನ ಧೂಳ ನೋಡ್ಕೋತ ಕುಂತೆ.
“ಇನ್ನೊಮ್ಮೆ ಹಾಕು,” ಅಂದ್ಲು.
ಹನ್ನೊಂದು ಸೆಕೆಂಡು. ಮತ್ತ ಹಾಕಿದೆ.
ಮೂರನೇ ಸಲಕ್ಕ ಆಕಿ ಮಾತಾಡಿದ್ಲು:
“ನಾ ಹೇಳಿದ್ದೆ ಅವಗ, ಎಡಗಡೀದು ಸಡ್ಲದ,
ಊರಾಗಿದ್ದಾಗನ ಬಿಗಿಸ್ಕೋ ಅಂತ.”

ಹದಿನೈದು ದಿನಕ್ಕೊಮ್ಮೆ ಡಿಸ್ಕು ತುಂಬತದ,
ಹಳೇದ್ದು ಯಾವುದಂತ ನೋಡಿ ತಾನ ಅಳಸ್ತದ.
ಕುಸ್ತಿ ಹೋದವು. ಹೆಂಡತಿ ಧಾರಾವಾಹಿ
ಇನ್ನೂರಾ ಎಂಟು ಕಂತು ಹೋತು, ಎರಡು ದಿನ ಮಾತು ಬಿಟ್ಲು.
ಇದಕ್ಕ ಮಾತ್ರ ಕೀಲಿ ಹಾಕೀನಿ.
ಭಾಷಣಾ ಕತ್ತರಿಸಬೇಕು ಅಂತೀನಿ,
ಕೈ ಒಂದೀಟು ಜಾರಿದ್ರ ಏನು ಹೋದೀತೋ!
ಹಿಂಗಾಗಿ ದೊಡ್ಡ ಮನಶ್ಯಾನೂ ಅದರ ಬೆನ್ನಿಗಿ ಅಂಟಿ ಉಳದಾನ.

ಅಮಾಸಿಗೊಮ್ಮೆ ಬರ್ತಾಳ ಕೊಂಡವ್ವ.
ಅರಬ್ಯಾಗ ಕೈ ಒರಸಿ ಕೂಡ್ತಾಳ.
ನಾ ಗೆರೀ ಎಳದು ತುದಿಗಿ ತರ್ತೀನಿ.
ಬಾಗ್ತಾನ, ಅಂತಾನ, ಏಳ್ತಾನ.
ಪರದೆ ಕರ್ರಗ.
“ಹಾಂ, ಈಗ ಬಿಗಿಸ್ಯಾನ,” ಅಂತಾಳ.